ಇಳಿಜಾರಿನ ಓದು: ಗಾಲ್ಫ್ ಹಸಿರಿನಲ್ಲಿ ವಾಚ್ಯವೂ ಧ್ವನಿಯೂ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಗಾಲ್ಫ್ ಆಟದ ಪ್ರಸ್ತಾಪವೇಕೆಂದು ವಾಚಕರು ಹುಬ್ಬೇರಿಸಿದರೆ ಅದು ಸಹಜವೇ. ಅದು ಉಳ್ಳವರ ಆಟ. ಶೇಂಗಾ ಬೆಳೆಗೇ ಮಳೆ ಸಾಲದ ನಮ್ಮ ರಾಯದುರ್ಗ, ಮಡಕಶಿರಾ ಸೀಮೆಯವರಿಗೆ, ಹುಲ್ಲಿಗೆ ನಿತ್ಯ ನೀರುಣಿಸುವ ಆ ಮೈದಾನಗಳು ಒಪ್ಪಿತವಾಗುವುದೂ ಕಷ್ಟ. ಆ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಆಟದವರು ಬಳಸುವ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. ಚೆಂಡನ್ನು ಕುಳಿಗೆ ಸೇರಿಸುವ ಮುನ್ನ ಅವರು ನೆಲವನ್ನು ‘ಓದು’ತ್ತಾರೆ. ಓದಬಹುದಾದದ್ದನ್ನು ವಿಮರ್ಶಿಸಲೂ ಬಹುದಷ್ಟೆ.

ಪೂರ್ಣ ಪ್ರಮಾಣದ ಗಾಲ್ಫ್ ಮೈದಾನದಲ್ಲಿ 18 ಕುಳಿಗಳಿರುತ್ತವೆ. ಕುಳಿಯ ಸುತ್ತ ಅತಿ ಗಿಡ್ಡವಾಗಿ ಕತ್ತರಿಸಿದ ಹುಲ್ಲಿನ ಹಾಸಿಗೇ ‘ಗ್ರೀನ್’ ಎಂದು ಹೆಸರು. ಕುಳಿಯ ಅಗಲ ನಾಲ್ಕೂಕಾಲು ಅಂಗುಲ, ಎಂದರೆ 108 ಮಿಲಿಮೀಟರ್ ಮಾತ್ರ. ನೂರಾರು ಗಜ ಹಾರಿಬಂದ ಚೆಂಡು ಕೊನೆಗೆ ಈ ಹಾಸಿನ ಮೇಲೆ ಉರುಳಿ ಅದರೊಳಗೆ ಬೀಳಬೇಕು. ಕನ್ನಡನಾಡಿಗೆ ಈ ಆಟ ಹೊಸತಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದುದು 1876ರಲ್ಲಿ. ಗ್ರೀನನ್ನು ಹೇಗೆ ರಚಿಸಬೇಕೆಂಬ ವಿಷಯದಲ್ಲಿ ಎರಡು ಅಭಿರುಚಿಗಳಿವೆ. ದಿಬ್ಬ, ಮೆಟ್ಟಿಲು, ತಗ್ಗುಗಳನ್ನು ಎದ್ದು ಕಾಣುವಂತೆ ಮಾಡಿ ನೋಡುಗನನ್ನು ಬೆರಗುಗೊಳಿಸಬೇಕೆಂಬುದು ಒಂದು. ಕಣ್ಣಿಗೆ ಸಮತಟ್ಟಾಗಿ ತೋರುವ ನೆಲದಲ್ಲಿ ಮಂದವಾದ ಇಳಿಜಾರನ್ನು ಅಡಗಿಸಿಡಬೇಕೆಂಬುದು ಇನ್ನೊಂದು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿಗೆ ಹೋಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾನು ದುಡಿಯುವ ಮೈದಾನಕ್ಕೆ ನನ್ನನ್ನು ಕರೆದೊಯ್ದ. ಮಳೆ ಕೈಕೊಟ್ಟು ಹೊಲ ಬಿಟ್ಟು ಹೋದ ನಮ್ಮ ಸೀಮೆಯ ಅನೇಕರಲ್ಲಿ ಅವನೂ ಒಬ್ಬ. ಹುಲ್ಲು ಕತ್ತರಿಸುವುದು, ಒಂದೇ ಕಡೆ ನೆಲ ಸವೆಯದಂತೆ ಕುಳಿಯ ಜಾಗ ಬದಲಿಸುವುದು ಅವನ ಕೆಲಸ. ಮೊದಲು ತೋರಿಸಿದ ಗ್ರೀನಿನ ನಡುವೆ ದೊಡ್ಡ ದಿಬ್ಬವಿತ್ತು. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಎರಡನೆಯದು ತಟ್ಟೆಯಂತೆ ಸಮವಾಗಿ ಕಂಡಿತು. “ಇದರಲ್ಲೇನಿದೆಯಪ್ಪಾ?” ಎಂದೆ. “ಚಪ್ಪಲಿ ಬಿಟ್ಟು ನಡೀರಿ ಸಾರ್. ಕಣ್ಣಿಗೆ ಕಾಣೋದಿಲ್ಲ, ಕಾಲಿಗೆ ಗೊತ್ತಾಗ್ತದೆ” ಎಂದ. ಒಂದು ಚೆಂಡನ್ನು ಕುಳಿಯತ್ತ ನೇರವಾಗಿ ಉರುಳಿಸಿದ. ಅದು ನಾಲ್ಕು ಮಾರು ನೆಟ್ಟಗೆ ಹೋಗಿ, ಯಾರೋ ಕರೆದಂತೆ ಎಡಕ್ಕೆ ಬಾಗಿ, ಕುಳಿಯಿಂದ ಗೇಣುದೂರದಲ್ಲಿ ಸಾಗಿಹೋಯಿತು. “ನಮ್ಮ ಹೊಲದಾಗೆ ಮಳೆನೀರು ಯಾವ ಕಡೆ ಹೋಗ್ತದಂತ ಗೊತ್ತಿರ್ತದಲ್ಲ ಸಾರ್, ಹಂಗೇ. ಆ ದಿಬ್ಬದ ಗ್ರೀನ್‌ನಾಗೆ ಎಲ್ಲರೂ ಹುಷಾರಾಗಿ ಆಡ್ತಾರೆ. ದೊಡ್ಡ ಆಟಗಾರರು ತಪ್ಪೋದು ಇಲ್ಲೇ.”

ನಮ್ಮ ಕಾವ್ಯಮೀಮಾಂಸಕರು ಕೇಳಿದ್ದರೆ ಮೆಚ್ಚುತ್ತಿದ್ದ ಮಾತಿದು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ವಾಚ್ಯಾರ್ಥವನ್ನೂ ಅದರಾಚೆ ಹೊಳೆಯುವ ಧ್ವನಿಯನ್ನೂ ಬೇರ್ಪಡಿಸಿ, ಧ್ವನಿಯೇ ಕಾವ್ಯದ ಆತ್ಮವೆಂದು ಸಾಧಿಸಿದನು. ಶಬ್ದಚಮತ್ಕಾರದಿಂದಲೇ ಬದುಕುವ ಚಿತ್ರಕಾವ್ಯಕ್ಕೆ ಅವನು ಕೊಟ್ಟ ಸ್ಥಾನ ಕೆಳಗಿನದು. ದಿಬ್ಬದ ಗ್ರೀನು ತನ್ನ ಅರ್ಥವನ್ನೆಲ್ಲ ಮೊದಲ ನೋಟಕ್ಕೇ ಹೇಳಿ ಮುಗಿಸುತ್ತದೆ, ಅದು ವಾಚ್ಯ. ಸಮವಾಗಿ ತೋರುವ ಗ್ರೀನು ಓದುಗನಿಲ್ಲದೆ ಪೂರ್ಣವಾಗದು, ಅದು ಧ್ವನಿ. ಮೊದಲನೆಯದಕ್ಕೆ ಪ್ರೇಕ್ಷಕ ಸಾಕು, ಎರಡನೆಯದಕ್ಕೆ ಸಹೃದಯ ಬೇಕು.

ಆದರೆ ಇಷ್ಟಕ್ಕೇ ತೀರ್ಪು ಕೊಟ್ಟರೆ ಅವಸರವಾದೀತು. ಸೂಕ್ಷ್ಮವೆಂಬ ಹೆಸರಿನಲ್ಲಿ ಸಪ್ಪೆಯೂ ನುಸುಳುತ್ತದೆ. ಇಳಿಜಾರೇ ಇಲ್ಲದ ಗ್ರೀನಿನಲ್ಲಿ ಓದುವುದಕ್ಕೇನಿರುತ್ತದೆ? ಮಳೆನೀರು ಕೂಡ ಅಲ್ಲಿ ನಿಂತು ಹುಲ್ಲು ಕೊಳೆಯುತ್ತದೆ. ಏನನ್ನೂ ಹೇಳದಿರುವುದು ಬೇರೆ, ಹೇಳದೆ ಸೂಚಿಸುವುದು ಬೇರೆ.

ಆಡಂಬರವೆಲ್ಲವೂ ದೋಷವಲ್ಲವೆಂಬುದೂ ಅಷ್ಟೇ ನಿಜ. ಅಮೆರಿಕದ ಫ್ಲಾರಿಡಾದಲ್ಲಿ ಪೀಟ್ ಡೈ ರಚಿಸಿದ ಸಾಗ್ರಾಸ್ ಮೈದಾನ ತೆರೆದುದು 1980ರಲ್ಲಿ. ಅದರ 17ನೆಯ ಗ್ರೀನು ನೀರಿನ ನಡುವಣ ನಡುಗಡ್ಡೆ. ಅದಕ್ಕಿಂತ ನಾಟಕೀಯವಾದುದು ಇನ್ನೇನಿದೆ? ಆದರೆ ಅದು ಹುಟ್ಟಿದುದು ಅವಶ್ಯಕತೆಯಿಂದ. ಮೈದಾನದ ಉಳಿದ ಭಾಗಕ್ಕಾಗಿ ಅಲ್ಲಿಯ ಒಳ್ಳೆಯ ಮರಳನ್ನು ತೋಡಿ ತೆಗೆದಾಗ ಹಳ್ಳ ಉಳಿಯಿತು. ಅದನ್ನು ನೀರಿನಿಂದ ತುಂಬಿಸೋಣವೆಂದು ಸೂಚಿಸಿದವರು ಡೈ ಅವರ ಪತ್ನಿ ಆಲಿಸ್. ಮುಂದೆ ಅದನ್ನು ನಕಲು ಮಾಡಿದವರು ನೀರನ್ನು ಕಂಡರೇ ಹೊರತು ಕಾರಣವನ್ನು ಕಾಣಲಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನದಲ್ಲಿಯೂ ಉಬ್ಬುತಗ್ಗುಗಳು ದೊಡ್ಡವೇ. ಆದರೆ ಅವು ಕಡಲ ದಂಡೆಯ ಮರಳಿನಲ್ಲಿ ಪ್ರಕೃತಿಯೇ ರೂಪಿಸಿದವು. ಕ್ಷೇಮೇಂದ್ರನು ಔಚಿತ್ಯವೆಂದುದು ಇದನ್ನೇ: ಅಳತೆ ದೊಡ್ಡದೋ ಚಿಕ್ಕದೋ ಎಂಬುದಲ್ಲ, ತಕ್ಕುದೋ ಅಲ್ಲವೋ ಎಂಬುದೇ ಪ್ರಶ್ನೆ.

ಇದಕ್ಕೆ ನಿದರ್ಶನ ಹುಡುಕಲು ನಾವು ದೂರ ಹೋಗಬೇಕಿಲ್ಲ. ಲೇಪಾಕ್ಷಿಯ ಏಕಶಿಲಾ ನಂದಿ ಸುಮಾರು 15 ಅಡಿ ಎತ್ತರ, 27 ಅಡಿ ಉದ್ದ. ಅದು ನಾಟಕೀಯವೇ, ಆದರೆ ಅಲ್ಲಿದ್ದ ಬಂಡೆಯೇ ಅದನ್ನು ಬೇಡಿತ್ತು. ಮಡಕಶಿರಾ ಸೀಮೆಯ ಹೇಮಾವತಿಯಲ್ಲಿ, ಎಂದರೆ ನೊಳಂಬರ ಹೆಂಜೇರಿನಲ್ಲಿ, ಕಂಬಗಳ ಕಿರುಶಿಲ್ಪವನ್ನು ಹತ್ತಿರ ಹೋಗಿ ನಿಂತು ನೋಡಬೇಕು. ಪ್ರವಾಸಿಗರು ಲೇಪಾಕ್ಷಿಗೆ ಬಸ್ಸುಗಳಲ್ಲಿ ಬರುತ್ತಾರೆ; ಹೇಮಾವತಿಗೆ ಬರುವವರು ಕೆಲವರೇ. ಎರಡೂ ನಮ್ಮವೇ, ಎರಡೂ ಶ್ರೇಷ್ಠವೇ. ಕೊರತೆಯಿರುವುದು ಶಿಲ್ಪದಲ್ಲಲ್ಲ, ನಮ್ಮ ನೋಟದಲ್ಲಿ.

ಇನ್ನೊಂದು ಸಂಗತಿ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಎಂಬವರು ಗ್ರೀನಿನ ವೇಗವನ್ನಳೆಯಲು ಒಂದು ಸಾಧನ ಮಾಡಿದರು. ಓರೆಯಾಗಿ ಹಿಡಿದ ಪಟ್ಟಿಯಿಂದ ಜಾರಿದ ಚೆಂಡು ಎಷ್ಟು ಅಡಿ ಉರುಳುತ್ತದೆಂಬುದೇ ಅಳತೆ. 1970ರ ದಶಕದಲ್ಲಿ ಆರೇಳು ಅಡಿ ಸಾಮಾನ್ಯವಾಗಿತ್ತು. ಈಗಿನ ದೊಡ್ಡ ಪಂದ್ಯಗಳಲ್ಲಿ ಅದು ಹತ್ತು ಅಡಿಯನ್ನೂ ಮೀರುತ್ತದೆ. ಹುಲ್ಲು ಗಿಡ್ಡವಾದಷ್ಟೂ ಚೆಂಡಿಗೆ ತಡೆ ಕಡಮೆ. ಒರಟು ಹುಲ್ಲಿನ ಕಾಲಕ್ಕೆ ಹೊಂದಿದ್ದ ಕಡಿದಾದ ಇಳಿಜಾರಿನಲ್ಲಿ ಈಗ ಚೆಂಡು ನಿಲ್ಲುವುದೇ ಇಲ್ಲ. ಆದುದರಿಂದ ಅಂತಹ ಎಷ್ಟೋ ಗ್ರೀನುಗಳನ್ನು ತಗ್ಗಿಸಬೇಕಾಯಿತು. ನಮ್ಮ ರಂಗಭೂಮಿಗೂ ಹೀಗೆಯೇ ಆಯಿತಲ್ಲವೇ? ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಡೆಯ ಸಾಲಿಗೂ ಮುಟ್ಟುವಂತೆ ನಟರು ಕಂಠವೆತ್ತಿ ನುಡಿಯುತ್ತಿದ್ದರು. ಅದು ಆ ಕಾಲದ ಔಚಿತ್ಯ. ಈಗ ಪಿಸುಮಾತೂ ಕೇಳಿಸುವ ಮೈಕಿನ ಮುಂದೆ ನಮ್ಮ ಭಾಷಣಕಾರರು ಅದೇ ಕಂಠದಲ್ಲಿ ಗರ್ಜಿಸುತ್ತಾರೆ. ಸಾಧನ ಬದಲಾಯಿತು, ಅಭಿರುಚಿ ಬದಲಾಗಲಿಲ್ಲ.

ನನ್ನ ತೀರ್ಮಾನ ಇಷ್ಟು. ನಾಟಕೀಯತೆಗೆ ತಕ್ಕ ಕಾರಣವಿದ್ದರೆ ಅದೂ ಕಲೆ. ಕಾರಣವಿಲ್ಲದ ಕಡೆ ಮಂದವಾದ ಇಳಿಜಾರೇ ಮೇಲು; ಏಕೆಂದರೆ ಅದು ಪ್ರತಿಸಲವೂ ಹೊಸ ಓದನ್ನು ಬೇಡುತ್ತದೆ.

ಈ ತೀರ್ಮಾನ ನನಗೆ ಸುಲಭವಾಗಿ ಬಂದುದಲ್ಲ. ಮೇಲೆ ಹೇಳಿದ ಆ ಹುಡುಗ ನನ್ನ ತರಗತಿಯಲ್ಲಿ ಪದ್ಯದ ಭಾವಾರ್ಥ ಕೇಳಿದಾಗ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಗಟ್ಟಿಯಾಗಿ ಒಪ್ಪಿಸಿದವರಿಗೆ ಅಂಕ ಕೊಟ್ಟ ನಾನು ಅವನ ಪ್ರಗತಿ ಪತ್ರದಲ್ಲಿ “ಓದಿನಲ್ಲಿ ಹಿಂದೆ” ಎಂದು ಬರೆದಿದ್ದೆ. ನಾನು ಸಮತಟ್ಟೆಂದುಕೊಂಡ ನೆಲವನ್ನು ಅವನು ಬರಿಗಾಲಲ್ಲಿ ಓದಿ ತೋರಿಸಿದ ದಿನ ಆ ಬರಹ ನೆನಪಾಯಿತು. ಅವನಲ್ಲಿದ್ದ ಇಳಿಜಾರನ್ನು ಓದಲಾಗದೆ ಹೋದವನು ನಾನು. ಅವನಿಗೆ ಅದನ್ನು ಹೇಳಿದೆ. “ಬಿಡ್ರಿ ಸಾರ್, ಹಳೇದು” ಎಂದು ನಕ್ಕು, ನನ್ನ ಚಪ್ಪಲಿ ತಂದು ಕಾಲ ಬಳಿ ಇಟ್ಟ.

ನಮ್ಮ ಸಂಘದ ಭಾಷಣ ಸ್ಪರ್ಧೆಗೂ ಕಾವ್ಯವಾಚನಕ್ಕೂ ಪ್ರತಿವರ್ಷ ಮಕ್ಕಳು ಬರುತ್ತಾರೆ. ಕೈ ಬೀಸಿ ಕಂಠವೆತ್ತುವ ಮಗುವಿಗೆ ಚಪ್ಪಾಳೆ ತಾನಾಗಿ ಸಿಗುತ್ತದೆ, ಸಿಗಲಿ. ಮೆಲುದನಿಯಲ್ಲಿ ನಿಂತು ಒಂದು ಸಾಲನ್ನು ಸರಿಯಾಗಿ ಅರ್ಥಮಾಡಿಕೊಂಡು ನುಡಿಯುವ ಮಗುವೂ ಆ ಸಾಲಿನಲ್ಲಿರುತ್ತದೆ; ತೀರ್ಪುಗಾರರು ಅದನ್ನೂ ಸಾವಧಾನವಾಗಿ ಓದಬೇಕೆಂಬುದು ಈ ಹಳೆಯ ಮೇಷ್ಟರ ಬಿನ್ನಹ.