ಮೂರು ಕೆಂಪು

ಕಾವ್ಯದಲ್ಲಿ ಕೆಂಪು ಕಾಣಿಸಿದೊಡನೆ ಅದು ಕೋಪದ ಸಂಕೇತವೆಂದು ಟೀಕೆ ಬರೆಯುವ ರೂಢಿ ಬೇರೂರಿದೆ. ಇದಕ್ಕೆ ತೋರಿಸುವ ಆಧಾರ ಭರತನ ನಾಟ್ಯಶಾಸ್ತ್ರ. ರೌದ್ರಕ್ಕೆ ಭರತನು ರಕ್ತವರ್ಣವನ್ನು ವಿಧಿಸಿರುವುದು ನಿಜವೇ. ಆದರೆ ಶೃಂಗಾರಕ್ಕೆ ಅವನು ಕೊಟ್ಟದ್ದು ಶ್ಯಾಮವರ್ಣ. ಹಾಗಾದರೆ ಅನುರಾಗವನ್ನು ಕೆಂಪೆಂದು ವರ್ಣಿಸಿದ ಕವಿಗಳೆಲ್ಲರೂ ತಪ್ಪಿದರೇನು? ‘ರಾಗ’ ಶಬ್ದಕ್ಕೆ ಬಣ್ಣವೆಂದೂ ಒಲವೆಂದೂ ಅರ್ಥವಿರುವಾಗ ಕವಿಗಳನ್ನು ಆಕ್ಷೇಪಿಸುವುದು ಸಾಹಸವೇ ಸರಿ. ಇನ್ನು ಸಂನ್ಯಾಸಿಯ ಕಾಷಾಯವೂ ಕೆಂಪಿನದೇ ಒಂದು ಭೇದ. ಕೋಪ, ಒಲವು, ವಿರಕ್ತಿ ಮೂರಕ್ಕೂ ಒಂದೇ ಬಣ್ಣವಾದರೆ ಸಂಕೇತವೆಂಬ ಮಾತಿಗೆ ಬೆಲೆಯೇನು?

ಚಿತ್ರಕಾರನು ಈ ಗೊಂದಲಕ್ಕೆ ಸಿಕ್ಕಿದವನಲ್ಲ. ಕಲ್ಯಾಣದ ಚಾಳುಕ್ಯ ಭೂಪತಿ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ, ಚಿತ್ರವನ್ನು ಕುರಿತ ಭಾಗದೊಳಗೆ, ಕೆಂಪಿಗೆ ಮೂರು ದ್ರವ್ಯಗಳು ಬೇರೆಬೇರೆಯಾಗಿ ಉಕ್ತವಾಗಿವೆ: ದರದ, ಅಲಕ್ತಕ, ಗೈರಿಕ. ದರದವೆಂದರೆ ಇಂಗಳೀಕ, ಪಾದರಸ ಗಂಧಕಗಳ ಸಂಯೋಗ, ಬೆಳಕಿಗೆ ಕಪ್ಪಾಗುವುದೂ ಉಂಟು. ಅಲಕ್ತಕವು ಅರಗಿನ ಹುಳುವಿನಿಂದ ಬಂದದ್ದು, ಸ್ತ್ರೀಯರ ಪಾದಕ್ಕೆ ಹಚ್ಚತಕ್ಕದ್ದು, ಬಿಸಿಲಿಗೆ ಮಾಸುತ್ತದೆ. ಗೈರಿಕವು ಕಬ್ಬಿಣದ ಅಂಶವುಳ್ಳ ಮಣ್ಣು, ಅರ್ಥಾತ್ ಕಾವಿ. ಅದು ಮಾತ್ರ ಮಾಸುವುದಿಲ್ಲ. ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಗೈತಿಹಾಸಿಕ ಜನರು ಕೆಮ್ಮಣ್ಣಿನಿಂದ ಬರೆದ ಚಿತ್ರಗಳು ಇಂದಿಗೂ ಕಾಣುತ್ತಿವೆ. (ಅವರಾರೂ ಅಲಂಕಾರಶಾಸ್ತ್ರವನ್ನು ಓದಿದವರಲ್ಲ!)

ಈ ಭೇದವನ್ನು ಕಾವ್ಯಕ್ಕೆ ಹಚ್ಚಿ ನೋಡಬೇಕು. ಖಂಡಿತಾನಾಯಿಕೆಯು ಪ್ರಿಯನ ಹಣೆಯಲ್ಲಿ ಅಲಕ್ತಕದ ಗುರುತನ್ನು ಕಂಡು ಮುನಿಯುತ್ತಾಳೆ. ಅಲ್ಲಿಯ ಕೆಂಪು ಅವಳ ಕೋಪವಲ್ಲ. ಮತ್ತೊಬ್ಬಳ ಕಾಲಿಗೆ ಅವನು ಎರಗಿದ್ದಕ್ಕೆ ಸಾಕ್ಷಿ. ಅದೂ ತೊಳೆದರೆ ಹೋಗುವ ಸಾಕ್ಷಿ. ಆದುದರಿಂದಲೇ ಅವನು ತೊಳೆಯದೆ ಬಂದದ್ದು ಅವಳಿಗೆ ಹೆಚ್ಚಿನ ಅವಮಾನ. ‘ಕೆಂಪು ಗುರುತು’ ಎಂದಷ್ಟೇ ಬರೆದ ಟೀಕಾಕಾರನು ಪದ್ಯದ ಪ್ರಾಣವನ್ನೇ ಬಿಟ್ಟಂತಾಯಿತು. ಯತಿಯ ವಸ್ತ್ರಕ್ಕಾದರೋ ಮಣ್ಣೇ ಬೇಕು. ಅರಗಿನ ಬಣ್ಣ ಅಲ್ಲಿ ಹಾಸ್ಯಾಸ್ಪದ.

ಕಕ್ಕೇರಾ ಮೊದಲಾದ ಸುರಪುರ ಸೀಮೆಯ ಹಳ್ಳಿಗರಿಗೆ ಈ ಮಣ್ಣು ಪುಸ್ತಕದ ವಿಷಯವಾಗಿರಲಿಲ್ಲ. ಹುರಮಂಜು ಎಂಬ ಅದರ ಹೆಸರಿನಲ್ಲಿ ಕೆಮ್ಮಣ್ಣಿಗೆ ಪ್ರಸಿದ್ಧವಾದ ಪಾರಸಿಕ ಕಡಲಿನ ಹುರ್ಮುಜ್ ದ್ವೀಪವೇ ಅಡಗಿದೆ. ಸುಣ್ಣದ ಗೋಡೆಯ ಬುಡಕ್ಕೆ ಅದರ ಪಟ್ಟೆ ಎಳೆಯುತ್ತಿದ್ದ ಕಡೆ ಈಗ ಡಬ್ಬಿಯ ಎಣ್ಣೆಬಣ್ಣ ಬಂದಿದೆ. ಹಳೆಯ ಗುಡಿಗಳ ಗಾರೆಗೂ ಅದನ್ನೇ ಬಳಿಯುವರು. ಒಳಗಿನ ತೇವ ಹೊರಬರಲಾರದೆ ಗಾರೆಯೇ ಪದರೆದ್ದು ಉದುರುವುದು. ಹುರಮಂಜನ್ನು ಕಲಸಿ ಕೈ ಕೆಂಪಾದ ಹುಡುಗನಿಗೆ ಗೈರಿಕವನ್ನು ವಿವರಿಸಬೇಕಾಗಿರಲಿಲ್ಲ. ಇಂದಿನ ವಿದ್ಯಾರ್ಥಿಗೆ ಟೀಕೆಯೊಂದೇ ಆಸರೆ. ಅದರಲ್ಲಿಯೂ ಮೂರಕ್ಕೆ ‘ಕೆಂಪು’ ಎಂಬ ಒಂದೇ ಅರ್ಥ ಅಚ್ಚಾಗುತ್ತಿದೆ.