‘ವಾಕ್’ ಮತ್ತು ‘ನಡೆ’: ಒಂದು ನಿಘಂಟು ಸಮೀಕರಣದ ವಿಮರ್ಶೆ

ಇಂಗ್ಲಿಷ್–ಕನ್ನಡ ನಿಘಂಟುಗಳಲ್ಲಿ ಕೆಲವು ಸಮೀಕರಣಗಳು ಯಾರ ಪ್ರಶ್ನೆಗೂ ಒಳಗಾಗದೆ ಉಳಿದುಬಂದಿವೆ. ‘ವಾಕ್’ ಎಂದರೆ ‘ನಡೆ’ ಎಂಬುದು ಅಂಥವುಗಳಲ್ಲೊಂದು. ಶಾಲಾ ನಿಘಂಟುಗಳಲ್ಲಿ ಸಾಮಾನ್ಯವಾಗಿ ‘ನಡೆ’ ಎಂಬ ಅರ್ಥವೇ ಮೊದಲು ಬರುತ್ತದೆ. ‘ಅಡ್ಡಾಡು’, ‘ತಿರುಗಾಡು’, ‘ಸಂಚರಿಸು’ ಎಂಬವು ಅದರ ಹಿಂದೆ, ಉಪಾರ್ಥಗಳೆಂಬಂತೆ, ಸಾಲುಗಟ್ಟುತ್ತವೆ. ಈ ಕ್ರಮವು ತಲೆಕೆಳಗಾಗಿದೆ ಎಂಬುದು ನಮ್ಮ ವಾದ. ಎರಡು ಕಾಲಿನ ಚಲನೆಯೊಂದನ್ನು ಹೆಸರಿಸುವಲ್ಲಿ ಮಾತ್ರ ಈ ಎರಡು ಪದಗಳು ಸಂಧಿಸುತ್ತವೆ. ಆ ಬಿಂದುವಿನಿಂದ ಹೊರಟ ಅರ್ಥವಿಸ್ತಾರಗಳು ಬೇರೆ ಬೇರೆ ದಿಕ್ಕಿಗೆ ಸಾಗಿವೆ. ಇದನ್ನು ಗಮನಿಸದೆ ಹೋದುದರಿಂದ ಅನುವಾದದಲ್ಲಿ ಆಗಿರುವ ನಷ್ಟ ಸಣ್ಣದಲ್ಲ. (ಕನ್ನಡ ಲಿಪಿಯಲ್ಲಿ ಬರೆದಾಗ ಈ ಇಂಗ್ಲಿಷ್ ಪದವು ಸಂಸ್ಕೃತದ ‘ವಾಕ್’, ಅಂದರೆ ನುಡಿಯೊಡನೆ ಬೆರೆತುಹೋಗುತ್ತದೆ. ನಡಿಗೆಯನ್ನು ಹೇಳುವ ಪದ ನಮ್ಮ ಲಿಪಿಯಲ್ಲಿ ನುಡಿಯಾಗಿ ಕಾಣುವ ಈ ವಿನೋದವನ್ನು ಓದುಗರು ಸಹಿಸಿಕೊಳ್ಳಬೇಕು. ಮುಂದೆ ಅದು ಒಮ್ಮೆ ಪ್ರಯೋಜನಕ್ಕೂ ಬರುತ್ತದೆ.)

ಪದದ ಚರಿತ್ರೆಯಿಂದಲೇ ತೊಡಗೋಣ. ಹಳೆಯ ಇಂಗ್ಲಿಷಿನ ‘ವೆಯಲ್ಕನ್’ ಎಂಬ ಕ್ರಿಯಾಪದಕ್ಕೆ ಹೊರಳು, ಉರುಳು, ಅತ್ತಿತ್ತ ಓಲಾಡು ಎಂಬ ಅರ್ಥಗಳಿದ್ದವು. ಅದೇ ಧಾತುವಿನ ನಾಮಪದವನ್ನು ಕಡಲಿನ ಅಲೆಗಳ ಹೊರಳಾಟಕ್ಕೆ ಬಳಸುತ್ತಿದ್ದರು. ಕಾಲ್ನಡಿಗೆಗೆ ಆ ಕಾಲದ ಭಾಷೆಯಲ್ಲಿ ಬೇರೆ ಪದಗಳಿದ್ದವು. ಇಂದಿನ ‘ಗೋ’, ‘ಸ್ಟೆಪ್’, ‘ಟ್ರೆಡ್’ಗಳ ಪೂರ್ವರೂಪಗಳು ಆ ಕೆಲಸವನ್ನು ಮಾಡುತ್ತಿದ್ದವು. ಸುಮಾರು 1200ರ ಹೊತ್ತಿಗೆ, ಮಧ್ಯ ಇಂಗ್ಲಿಷಿನಲ್ಲಿ, ‘ವಾಕ್’ ಕಾಲಿನ ಮೇಲೆ ಇಳಿದುಬಂದದ್ದು ಕಾಣುತ್ತದೆ. ಜರ್ಮನ್ ಭಾಷೆಯಲ್ಲಿ ಇದರ ಸೋದರಪದ ‘ವಾಲ್ಕೆನ್’ ಇಂದಿಗೂ ಉಣ್ಣೆಬಟ್ಟೆಯನ್ನು ನೀರಿನಲ್ಲಿ ತುಳಿದು, ಬಡಿದು, ದಟ್ಟಗೊಳಿಸುವ ಕಸುಬನ್ನೇ ಸೂಚಿಸುತ್ತದೆ. ಇಂಗ್ಲೆಂಡಿನ ‘ವಾಕರ್’ ಎಂಬ ಮನೆತನದ ಹೆಸರು ಈ ಕಸುಬಿನಿಂದ ಬಂದದ್ದು. ಅದೇ ಕಸುಬಿನವರಿಗೆ ಬೇರೆ ಪ್ರಾಂತ್ಯಗಳಲ್ಲಿ ‘ಫುಲ್ಲರ್’ ಎಂದೂ ‘ಟಕರ್’ ಎಂದೂ ಹೆಸರು. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಹೆಂಗಸರು ಮೇಜಿನ ಸುತ್ತ ಕುಳಿತು ಬಟ್ಟೆಯನ್ನು ಬಡಿಯುತ್ತ ಹಾಡುತ್ತಿದ್ದ ಪದಗಳಿಗೂ ಇದೇ ಧಾತುವಿನ ಹೆಸರಿದೆ. ಅಗಸನೋ ಬಟ್ಟೆಕಸುಬಿನವನೋ ತುಳಿಯುತ್ತ ತುಳಿಯುತ್ತ ಪದವೇ ನಡಿಗೆಗೆ ತಿರುಗಿತು ಎಂಬ ಜನಪ್ರಿಯ ವಿವರಣೆಯೊಂದಿದೆ. ಅದು ಸೊಗಸಾಗಿದೆ, ಆದರೆ ಅದರ ಅಗತ್ಯವಿಲ್ಲವೆಂದು ನಮಗೆ ತೋರುತ್ತದೆ. ಹೊರಳು, ಓಲಾಡು ಎಂಬಲ್ಲಿಂದ ಅತ್ತಿತ್ತ ಸುತ್ತು, ಅಲ್ಲಿಂದ ಕಾಲಿನಿಂದ ತಿರುಗಾಡು ಎಂಬಲ್ಲಿಗೆ ದಾರಿ ನೇರವಾಗಿಯೇ ಇದೆ.

ಈ ದಾರಿ ಕನ್ನಡಿಗರಿಗೆ ಅಪರಿಚಿತವಲ್ಲ. ಕನ್ನಡದಲ್ಲಿ ‘ಅಲೆ’ ಎಂಬುದು ನಾಮಪದವಾಗಿ ತೆರೆ, ಕ್ರಿಯಾಪದವಾಗಿ ಗೊತ್ತುಗುರಿಯಿಲ್ಲದೆ ತಿರುಗುವುದು. ‘ತಿರುಗು’ ಎಂಬುದು ಚಕ್ರಕ್ಕೂ ಸಲ್ಲುತ್ತದೆ, ಊರೂರು ಸುತ್ತುವವನಿಗೂ ಸಲ್ಲುತ್ತದೆ. ‘ಸುತ್ತು’ ಎಂಬುದರ ಕಥೆಯೂ ಅದೇ. ಹಾಗಾದರೆ ‘ವಾಕ್’ ಪದದ ಅರ್ಥಚರಿತ್ರೆಗೆ ಕನ್ನಡದಲ್ಲಿ ಹತ್ತಿರದ ನಂಟರು ಅಲೆ, ತಿರುಗು, ಸುತ್ತು ಎಂಬವೇ ಹೊರತು ‘ನಡೆ’ಯಲ್ಲ. ಸಾವಿರ ವರ್ಷಗಳ ಹಿಂದಿನ ಬೇರು ಇಂದಿನ ಪ್ರಯೋಗವನ್ನು ಆಳುತ್ತದೆಂದು ನಾವು ಹೇಳುತ್ತಿಲ್ಲ. ವ್ಯುತ್ಪತ್ತಿಯಿಂದ ಅರ್ಥವನ್ನು ನಿರ್ಣಯಿಸುವ ಹಳೆಯ ಚಾಳಿಗೆ ನಮ್ಮ ಬೆಂಬಲವಿಲ್ಲ. ಆದರೆ ಇಂದಿನ ಪ್ರಯೋಗಗಳನ್ನು ಅವುಗಳಷ್ಟಕ್ಕೇ ಪರಿಶೀಲಿಸಿದಾಗಲೂ ಇದೇ ವಿಂಗಡಣೆ ಎದ್ದು ಕಾಣುತ್ತದೆ.

‘ವಾಕ್’ ನಾಮಪದವಾದಾಗ ಏನನ್ನು ಹೇಳುತ್ತದೆಂದು ನೋಡಿದರೆ ಸಾಕು. ‘ಎ ವಾಕ್’ ಎಂಬುದಕ್ಕೆ ಹೊರಟ ಜಾಗಕ್ಕೇ ಮರಳುವ, ತಲುಪಬೇಕಾದ ಗುರಿಯಿಲ್ಲದ ತಿರುಗಾಟ ಎಂದು ಅರ್ಥ. ‘ಶೀಪ್‌ವಾಕ್’ ಎಂದರೆ ಕುರಿಗಳು ಮೇಯುತ್ತ ತಿರುಗುವ ಬಯಲು. ಅಂಚೆಯವನ ‘ವಾಕ್’ ಅವನು ದಿನವೂ ಸುತ್ತುವ ಬೀದಿಗಳ ವಲಯ. ಅರಣ್ಯಪಾಲಕನ ‘ವಾಕ್’ ಅವನ ಕಾವಲಿನ ಸರಹದ್ದು. ‘ವಾಕ್ ಆಫ್ ಲೈಫ್’ ಎಂಬ ನುಡಿಗಟ್ಟಿನಲ್ಲಿ ವೃತ್ತಿ ಎಂಬ ಅರ್ಥ ಬರುವುದು ಒಬ್ಬನ ಓಡಾಟಕ್ಕೆ ಮೀಸಲಾದ ಕ್ಷೇತ್ರವೆಂಬ ಈ ಕಲ್ಪನೆಯ ಮೂಲಕ. ಅದನ್ನು ‘ಬಾಳಿನ ನಡಿಗೆ’ ಎಂದು ಅನುವಾದಿಸುವವರು ಎಡವುತ್ತಾರೆ. ಹಗ್ಗ ಹೊಸೆಯುವವರು ನೂಲನ್ನು ಬಿಡುತ್ತ ಹಿಮ್ಮುಖವಾಗಿ ಸಾಗುತ್ತಿದ್ದ ಉದ್ದನೆಯ ಅಂಕಣಕ್ಕೆ ‘ರೋಪ್‌ವಾಕ್’ ಎಂದು ಹೆಸರು. ಇಂಗ್ಲೆಂಡಿನ ಚ್ಯಾಟಮ್ ನೌಕಾಂಗಣದಲ್ಲಿ ಉಳಿದಿರುವ ಅಂಥ ಕಟ್ಟಡ ಸುಮಾರು ಕಾಲು ಮೈಲಿ ಉದ್ದವಿದೆ. ಇವುಗಳಲ್ಲಿ ಒಂದಕ್ಕೂ ‘ನಡೆ’ ಒದಗುವುದಿಲ್ಲ. ಕನ್ನಡದ ‘ನಡೆ’ ನಾಮಪದವಾದರೆ ಆಚಾರವಾಗುತ್ತದೆ, ಚದುರಂಗದ ಕಾಯಿಯ ಚಲನೆಯಾಗುತ್ತದೆ. ಜಾಗವಾಗುವುದಿಲ್ಲ, ವಿಹಾರವೂ ಆಗುವುದಿಲ್ಲ. ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ಸುತ್ತುವ ಕನ್ನಡಿಗರು ‘ನಡಿಗೆಗೆ ಹೋಗುತ್ತೇನೆ’ ಎನ್ನದೆ ‘ವಾಕಿಂಗ್ ಹೋಗುತ್ತೇನೆ’ ಎನ್ನುವುದು ಇಂಗ್ಲಿಷಿನ ವ್ಯಾಮೋಹದಿಂದ ಮಾತ್ರವಲ್ಲ. ‘ವಾಯುವಿಹಾರ’ ಪುಸ್ತಕದ್ದಾಯಿತು, ‘ತಿರುಗಾಟ’ದಲ್ಲಿ ಸೋಮಾರಿತನದ ವಾಸನೆ ಬಂತು, ‘ನಡಿಗೆ’ ಗುರಿಯನ್ನು ಕೇಳಿತು. ಖಾಲಿ ಇದ್ದ ಮನೆಗೆ ಎರವಲು ಪದ ಬಂದು ಸೇರಿತು.

ಸಕರ್ಮಕ ಪ್ರಯೋಗಗಳಲ್ಲಿ ಅಂತರ ಇನ್ನೂ ಸ್ಪಷ್ಟ. ಬೆತ್ ಲೆವಿನ್ 1993ರ ತಮ್ಮ ಕ್ರಿಯಾಪದ ವರ್ಗೀಕರಣದಲ್ಲಿ ‘ವಾಕ್’ ಪದವನ್ನು ‘ರನ್’ ಪದದ ಗುಂಪಿನಲ್ಲಿಯೇ ಇರಿಸಿದ್ದಾರೆ. ವಾಕ್ಯರಚನೆಯ ದೃಷ್ಟಿಯಿಂದ ಇದು ಸರಿ. ಆದರೆ ಅರ್ಥದ ದೃಷ್ಟಿಯಿಂದ ಈ ಎರಡು ಪದಗಳ ಸಕರ್ಮಕ ರೂಪಗಳು ಬೇರೆ ಲೋಕಗಳಿಗೆ ಸೇರಿದವು. ‘ರನ್’ ಪದದ ಕರ್ಮಸ್ಥಾನದಲ್ಲಿ ಅಂಗಡಿ, ಶಾಲೆ, ಸರ್ಕಾರ, ಯಂತ್ರ, ಪರೀಕ್ಷೆ ಎಲ್ಲವೂ ಬರುತ್ತವೆ. ಕಾಲಿನ ನೆನಪು ಅಲ್ಲಿ ಸಂಪೂರ್ಣ ಅಳಿದಿದೆ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರು ಈ ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ಗುರುತಿಸಿದರೆಂಬ ಸುದ್ದಿ 2011ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ‘ವಾಕ್’ ಹಾಗಲ್ಲ. ನಾಯಿಯನ್ನು ತಿರುಗಾಡಿಸುವುದು, ಗೆಳತಿಯನ್ನು ಮನೆಯವರೆಗೆ ಬಿಟ್ಟುಬರುವುದು, ಏರು ದಾರಿಯಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗುವುದು, ಭಾರವಾದ ಬೀರುವನ್ನು ಒಂದೊಂದು ಮೂಲೆಯಾಗಿ ಓಲಾಡಿಸುತ್ತ ಸರಿಸುವುದು, ಹೊಸಬನಿಗೆ ಅರ್ಜಿಯ ಒಂದೊಂದು ಅಂಕಣವನ್ನೂ ಜೊತೆಯಲ್ಲಿದ್ದು ತಿಳಿಸಿಕೊಡುವುದು, ಇವೆಲ್ಲದರಲ್ಲೂ ‘ವಾಕ್’ ಉಂಟು. ಎಲ್ಲದರಲ್ಲೂ ಹೆಜ್ಜೆಯ ಅಳತೆ, ಬಹುಮಟ್ಟಿಗೆ ಒಡನಾಟ, ಉಳಿದಿವೆ. ಕುದುರೆಯ ವಿಷಯದಲ್ಲಿ ಮಾತ್ರ ಸವಾರ ಬೆನ್ನ ಮೇಲೇ ಇರಬಹುದು. ಅಲ್ಲಿಯೂ ಉಳಿದಿರುವುದು ನಾಲ್ಕು ಗೊರಸುಗಳ ನಿಧಾನಗತಿ. ಬೀರುವಿನ ಉದಾಹರಣೆಯಲ್ಲಿ ಹಳೆಯ ‘ಓಲಾಟ’ ಮತ್ತೆ ತಲೆಯೆತ್ತಿದಂತೆ ಕಂಡರೆ ಅದು ಆಕಸ್ಮಿಕವೇ ಇರಬೇಕು, ಆದರೂ ಮನಸ್ಸಿಗೆ ಹಿಡಿಸುವ ಆಕಸ್ಮಿಕ.

ಈಗ ಕನ್ನಡದ ಪ್ರೇರಣಾರ್ಥಕ ‘ನಡೆಸು’ ಎಂಬುದನ್ನು ಪಕ್ಕಕ್ಕಿಡೋಣ. ಅಂಗಡಿ ನಡೆಸುತ್ತೇವೆ, ಸಂಸಾರ ನಡೆಸುತ್ತೇವೆ, ಪರೀಕ್ಷೆ ನಡೆಸುತ್ತೇವೆ. ನಾಯಿಯನ್ನು ಮಾತ್ರ ನಡೆಸುವುದಿಲ್ಲ. ಅಂದರೆ ಇಂಗ್ಲಿಷಿನಲ್ಲಿ ‘ರನ್’ ಮಾಡಿದ ಕೆಲಸವನ್ನು ಕನ್ನಡದಲ್ಲಿ ‘ನಡೆ’ ಮಾಡಿದೆ. ಅಕರ್ಮಕದಲ್ಲಿಯೂ ಹೀಗೆಯೇ: ಸಭೆ ನಡೆಯುತ್ತದೆ, ಮದುವೆ ನಡೆಯುತ್ತದೆ, ಕೊಲೆಯೂ ನಡೆಯುತ್ತದೆ. ಹರಿದ ನೋಟು ನಡೆಯುವುದಿಲ್ಲ. ಊರಿನಲ್ಲಿ ಹಿರಿಯರ ಮಾತು ನಡೆಯುತ್ತದೆ. ‘ಇದಿಲ್ಲದಿದ್ದರೆ ಅದೂ ನಡೀತದ’ ಎಂದು ಉತ್ತರ ಕರ್ನಾಟಕದವರು ಹೇಳುವಾಗ ಆ ಪದಕ್ಕೂ ಕಾಲಿಗೂ ಸಂಬಂಧವೇ ಇಲ್ಲ. ತಮಿಳು ಮತ್ತು ಮಲಯಾಳಗಳ ಸೋದರಪದಗಳೂ ಘಟನೆ, ಆಚರಣೆಗಳ ಅರ್ಥವನ್ನು ಹೊತ್ತಿರುವುದರಿಂದ ಇದು ಕನ್ನಡದ ಇತ್ತೀಚಿನ ಬೆಳವಣಿಗೆಯಲ್ಲ. ಹಿಂದಿಯ ‘ಚಲ್’ ಧಾತುವೂ ಇದೇ ಜಾಡಿನಲ್ಲಿ ಸಾಗಿರುವುದನ್ನು ನೋಡಿದರೆ ಭಾಷಾಕುಟುಂಬಗಳ ಗಡಿ ದಾಟಿದ ಪ್ರಾದೇಶಿಕ ಲಕ್ಷಣವೂ ಇಲ್ಲಿರಬಹುದು. ‘ಓಡು’ ಎಂಬುದಕ್ಕೆ ಕನ್ನಡದಲ್ಲಿ ಬಸ್ಸು, ರೈಲು, ಗೆದ್ದ ಸಿನಿಮಾ ಇವಿಷ್ಟು ಸಿಕ್ಕಿವೆ, ಸಂಸ್ಥೆಗಳು ಸಿಕ್ಕಿಲ್ಲ.

ಇಲ್ಲಿ ಸಿದ್ಧಾಂತದ ಪ್ರಶ್ನೆಯೊಂದು ಏಳುತ್ತದೆ. ಬಾರ್ಬರಾ ಮಾಲ್ಟ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟ್ರೆಡ್‌ಮಿಲ್ ಮೇಲೆ ಸಾಗುವ ವ್ಯಕ್ತಿಯ ಚಲನೆಯನ್ನು ಇಂಗ್ಲಿಷ್, ಡಚ್, ಸ್ಪ್ಯಾನಿಷ್, ಜಪಾನಿ ಭಾಷಿಕರು ಹೆಸರಿಸಿದಾಗ, ನಡಿಗೆ ಓಟವಾಗುವ ದೈಹಿಕ ಗಡಿಯಲ್ಲಿಯೇ ಎಲ್ಲ ಭಾಷೆಗಳ ಪದಗಳೂ ಬದಲಾದವು. ಈ ಫಲಿತಾಂಶವನ್ನು ನಾವು ಅಲ್ಲಗಳೆಯುವುದಿಲ್ಲ. ಕನ್ನಡವನ್ನು ಸೇರಿಸಿದ್ದರೂ ಗಡಿ ಅಲ್ಲಿಯೇ ಬೀಳುತ್ತಿತ್ತೆಂದು ಊಹಿಸುತ್ತೇವೆ. ಆದರೆ ಪದಗಳ ಅರ್ಥವನ್ನೆಲ್ಲ ದೇಹದ ಅನುಭವದಿಂದ ಬಿಡಿಸಬಹುದೆಂಬ ವಿಶಾಲ ನಿರ್ಣಯಕ್ಕೆ ಇಂಥ ಫಲಿತಾಂಶ ಆಧಾರವಾಗದು. ಗಡಿ ಒಂದೇ ಆಗಿದ್ದರೂ, ಸಂಸ್ಥೆಯ ನಿರ್ವಹಣೆ ಎಂಬ ಅರ್ಥ ಇಂಗ್ಲಿಷಿನಲ್ಲಿ ಓಟದ ಕಡೆಗೂ ಕನ್ನಡದಲ್ಲಿ ನಡಿಗೆಯ ಕಡೆಗೂ ಬಿದ್ದಿದೆ. ದೇಹ ಇದನ್ನು ನಿರ್ಧರಿಸಿಲ್ಲ. ಫಿಲ್ಮೋರ್ ಮತ್ತು ಅಟ್ಕಿನ್ಸ್ 2000ದಲ್ಲಿ ಇಂಗ್ಲಿಷಿನ ‘ಕ್ರಾಲ್’ ಹಾಗೂ ಫ್ರೆಂಚಿನ ‘ರ‍್ಯಾಂಪೆ’ ಪದಗಳನ್ನು ಹೋಲಿಸಿ, ಕೇಂದ್ರ ಒಂದೇ ಆಗಿದ್ದರೂ ಅರ್ಥಜಾಲಗಳು ಹೊಂದುವುದಿಲ್ಲವೆಂದು ತೋರಿಸಿದರು. ಆ ಮಾದರಿಯ ತಾಳ್ಮೆಯ ಕೆಲಸ ‘ವಾಕ್’ ಮತ್ತು ‘ನಡೆ’ಗಳಿಗೆ ಬೇಕಾಗಿದೆ.

ಕಥನದ ಅನುವಾದಗಳಲ್ಲಿ ಕಾಣುವ ತೊಡಕು ಬೇರೆ ಬಗೆಯದು. ಟಾಲ್ಮಿಯವರ ವರ್ಗೀಕರಣದಂತೆ ಇಂಗ್ಲಿಷ್ ಚಲನೆಯ ರೀತಿಯನ್ನು ಕ್ರಿಯಾಪದದಲ್ಲಿಯೂ ಪಥವನ್ನು ‘ಇನ್’, ‘ಔಟ್’ ಮುಂತಾದ ಉಪಪದಗಳಲ್ಲಿಯೂ ಇರಿಸುತ್ತದೆ. ಕನ್ನಡದಲ್ಲಿ ಪಥ ಕ್ರಿಯಾಪದದ್ದು. ರೀತಿಯನ್ನು ಹೇಳಬೇಕಾದರೆ ‘ನಡೆದುಕೊಂಡು’ ಎಂಬ ಕೃದಂತ ಬೇಕು. ಹೀಗಾಗಿ ಇಂಗ್ಲಿಷಿನಲ್ಲಿ ರೀತಿ ಅಗ್ಗ, ಕನ್ನಡದಲ್ಲಿ ದುಬಾರಿ. ‘ನಡೆದುಕೊಂಡು ಬಂದ’ ಎಂದರೆ ಬಸ್ಸು ಸಿಗಲಿಲ್ಲವೇನೋ ಎಂಬ ಪ್ರಶ್ನೆ ಕೇಳುವವರಲ್ಲಿ ಏಳುತ್ತದೆ. ‘ಅವನು ಕೋಣೆಯೊಳಕ್ಕೆ ನಡೆದನು’ ಎಂದು ಬರೆಯುವ ಅನುವಾದಕರು ಮೂಲದಲ್ಲಿ ಇಲ್ಲದ ಗಾಂಭೀರ್ಯವನ್ನು ಪಾತ್ರಕ್ಕೆ ಹೊರಿಸುತ್ತಾರೆ. ‘ಒಳಗೆ ಬಂದ’ ಎಂದರೆ ಮುಗಿಯಿತು. ‘ಹೀ ವಿಲ್ ವಾಕ್’ ಎಂದು ಅಮೆರಿಕದ ವಕೀಲನೊಬ್ಬ ಹೇಳಿದರೆ ಆರೋಪಿ ಪಾರಾಗುತ್ತಾನೆಂದು ಅರ್ಥ. ಶಾಸನಸಭೆಯ ‘ವಾಕೌಟ್’ ಪದಕ್ಕೆ ಕನ್ನಡ ಪತ್ರಿಕೆಗಳು ‘ಸಭಾತ್ಯಾಗ’ ಎಂದು ರೂಢಿಸಿದ್ದು ಜಾಣತನದ ಕೆಲಸ: ಕಾಲನ್ನು ಬಿಟ್ಟು ತ್ಯಾಗವನ್ನು ಹಿಡಿದರು. ‘ಬಾಹ್ಯಾಕಾಶ ನಡಿಗೆ’ಯಲ್ಲಿ ಅದು ಸಾಧ್ಯವಾಗಲಿಲ್ಲ. 1965ರ ಮಾರ್ಚ್ 18ರಂದು ಅಲೆಕ್ಸಿ ಲಿಯೊನೊವ್ ನೌಕೆಯ ಹೊರಗೆ ಕಳೆದ ಸುಮಾರು ಹನ್ನೆರಡು ನಿಮಿಷಗಳಲ್ಲಿ ಹೆಜ್ಜೆಯೆಂಬುದೇ ಇರಲಿಲ್ಲ. ‘ತೇಲಾಟ’ ಎಂದಿದ್ದರೆ ಪದದ ಹಳೆಯ ಅರ್ಥಕ್ಕೂ ಸಲ್ಲುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಿನ ಹಾನಿಯಾಗಿರುವುದು ವಿರುದ್ಧ ದಿಕ್ಕಿನ ಅನುವಾದದಲ್ಲಿ. ವಚನಗಳನ್ನು ಇಂಗ್ಲಿಷಿನಲ್ಲಿ ಪರಿಚಯಿಸುವವರು ‘ನಡೆ-ನುಡಿ’ಗಳ ಐಕ್ಯವನ್ನು ಈಚೆಗೆ ‘ವಾಕ್ ದ ಟಾಕ್’ ಎಂದು ವಿವರಿಸುವುದು ಸಾಮಾನ್ಯವಾಗಿದೆ. ಪದಕ್ಕೆ ಪದ ಹೊಂದಿತಲ್ಲಾ ಎಂಬ ಸಂತೋಷ ಅರ್ಥವಾಗುವಂಥದ್ದೇ. ಆದರೆ ಅಮೆರಿಕನ್ ಆಡುಮಾತಿನಿಂದ ಬಂದು ವ್ಯವಸ್ಥಾಪನೆಯ ತರಬೇತಿಗಳಲ್ಲಿ ನೆಲೆಯೂರಿದ ಆ ನುಡಿಗಟ್ಟಿನಲ್ಲಿ ಮಾತು ಮೊದಲು ಆಡಿಯಾಗಿದೆ. ನಡಿಗೆ ಅದನ್ನು ರುಜುವಾತುಪಡಿಸುವ ಬಾಕಿ ಕೆಲಸ. ಕೊಟ್ಟ ಭರವಸೆಯನ್ನು ಈಡೇರಿಸಿದ್ದೇವೆಂದು ಸಾರುವ ರಾಜಕೀಯ ಘೋಷಣೆಗಳ ‘ನುಡಿದಂತೆ ನಡೆ’ಗೆ ಅದು ಸರಿಹೊಂದೀತು. ವಚನಕಾರರ ಜೋಡುಪದದಲ್ಲಿ ನಡೆ ಮುಂದಿದೆ, ನುಡಿಯೂ ಆಚರಣೆಯೇ ಆಗಿದೆ. ಒಂದು ಮತ್ತೊಂದಕ್ಕೆ ಸಾಕ್ಷಿಯಲ್ಲ. ವಾಕ್ಕನ್ನೂ ‘ವಾಕ್’ ಪದವನ್ನೂ ಒಂದೇ ರೀತಿ ಬರೆಯುವ ನಮ್ಮ ಲಿಪಿಯೇ ಈ ಮಟ್ಟಿಗೆ ಅನುವಾದಕರಿಗಿಂತ ಹತ್ತಿರವಿದೆ.

ಇಂಗ್ಲಿಷಿನಲ್ಲಿ ಇದಕ್ಕಿಂತ ಯೋಗ್ಯವಾದ ಪ್ರಯೋಗ ಇಲ್ಲದೆಯೂ ಇಲ್ಲ. 1611ರ ಬೈಬಲ್ ಅನುವಾದದಲ್ಲಿ ಹನೋಕನು ದೇವರ ಸಂಗಡ ‘ವಾಕ್’ ಮಾಡುತ್ತಾನೆ. ಧರ್ಮಶಾಸ್ತ್ರದಲ್ಲಿ, ಬೆಳಕಿನಲ್ಲಿ ಜನರು ‘ವಾಕ್’ ಮಾಡುತ್ತಾರೆ. ಹೀಬ್ರೂವಿನ ‘ಹಾಲಖ್’ ಧಾತುವಿಗೆ ಹೋಗು, ನಡೆ, ಬಾಳು ಎಂಬ ಅರ್ಥಗಳಿದ್ದು, ಯಹೂದಿ ಧರ್ಮನಿಯಮಗಳ ಹೆಸರಾದ ‘ಹಲಾಖಾ’ವನ್ನೂ ಅದರಿಂದಲೇ ವಿವರಿಸುವುದು ರೂಢಿ. ಪೌಲನ ಪತ್ರಗಳ ಗ್ರೀಕಿನಲ್ಲಿ ‘ಸುತ್ತ ನಡೆ’ ಎಂಬ ಅರ್ಥದ ‘ಪೆರಿಪತೇಯಿನ್’ ಈ ಭಾರವನ್ನು ಹೊತ್ತಿತು. ಆಚರಣೆ ಎಂಬ ಅರ್ಥ ಇಂಗ್ಲಿಷಿನ ‘ವಾಕ್’ಗೆ ಮುಖ್ಯವಾಗಿ ಈ ಅನುವಾದಗಳ ದಾರಿಯಿಂದ ಬಂತು, ಇಂದಿಗೂ ಅದು ಚರ್ಚಿನ ಹೊಸ್ತಿಲು ದಾಟಿ ಹೆಚ್ಚು ದೂರ ಬಂದಿಲ್ಲ. ಕನ್ನಡದಲ್ಲಿ ನಡತೆ, ನಡವಳಿಕೆ, ನಡೆವಳಿ ಎಂಬವು ಯಾವ ಧರ್ಮಗ್ರಂಥದ ಅನುವಾದಕ್ಕೂ ಕಾಯಬೇಕಾಗಿರಲಿಲ್ಲ. ವಚನಗಳ ಅನುವಾದಕರಿಗೆ ‘ವಾಕ್’ ಪದವೇ ಬೇಕೆಂದಿದ್ದರೆ ಈ ಹಳೆಯ ಪ್ರಯೋಗದ ಕಡೆಗೆ ನೋಡಬೇಕು. ಇಲ್ಲವೇ ‘ಕಾಂಡಕ್ಟ್’, ‘ವೇ’ ಮುಂತಾದವುಗಳಲ್ಲಿ ಒಂದನ್ನು ಆರಿಸಿ ಕಾಲನ್ನು ಬಿಟ್ಟುಕೊಡಬೇಕು.

ನಿಘಂಟುಕಾರರಿಗೆ ನಮ್ಮ ಸೂಚನೆ ಇಷ್ಟೇ: ‘ವಾಕ್’ ನಾಮಪದಕ್ಕೂ ಅದರ ಸಕರ್ಮಕ ರೂಪಕ್ಕೂ ‘ತಿರುಗಾಟ’, ‘ತಿರುಗಾಡಿಸು’, ‘ಜೊತೆಯಲ್ಲಿ ಕರೆದೊಯ್ಯು’ ಮೊದಲು ಬರಲಿ, ‘ನಡೆ’ಯನ್ನು ಅಕರ್ಮಕದ ಒಂದು ಅರ್ಥಕ್ಕೆ ಸೀಮಿತಗೊಳಿಸಿ, ಪಥವಾಚಕ ಪದ ಜೊತೆಗಿದ್ದಾಗ ‘ಬಾ’, ‘ಹೋಗು’ಗಳೇ ಸಾಕೆಂಬ ಸೂಚನೆಯನ್ನೂ ಕೊಡಲಿ. ಕನ್ನಡ–ಇಂಗ್ಲಿಷ್ ನಿಘಂಟುಗಳಲ್ಲಿ ‘ನಡೆ’ಯ ಕೆಳಗೆ ‘ರನ್’ ಮತ್ತು ‘ಹ್ಯಾಪನ್’ ಪದಗಳಿಗೆ ‘ವಾಕ್’ ಪದದಷ್ಟೇ ಎತ್ತರದ ಜಾಗ ಸಿಗಲಿ. ಹಳ್ಳಿಗಳಲ್ಲಿ ಒಂದು ಮನೆತನದವರು ಇಂಥ ದೇವರಿಗೆ ‘ನಡೆದುಕೊಳ್ಳುತ್ತಾರೆ’ ಎಂದು ಹೇಳುವ ರೂಢಿಯಿದೆ; ಹರಕೆ, ಜಾತ್ರೆ, ಒಕ್ಕಲುತನ, ನಿಷ್ಠೆ ಎಲ್ಲವೂ ಸೇರಿದ ಆ ಪ್ರಯೋಗಕ್ಕೆ ಮೇಲಿನ ಮೂರು ಇಂಗ್ಲಿಷ್ ಪದಗಳಲ್ಲಿ ಒಂದೂ ಸಾಲದು, ಅದಕ್ಕೆ ವಿವರಣೆಯನ್ನೇ ಬರೆಯಬೇಕು.