ಹಳೆ ಪಿಕಪ್, ಹೊಸ ಯಂತ್ರ: ರೆಸ್ಟೊಮಾಡ್ ನೋಡುವ ಬಗೆ

ಹಳೆಯ ಗಾಡಿಯ ಮೈಕಟ್ಟು ಉಳಿಸಿಕೊಂಡು ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಸಸ್ಪೆನ್ಷನ್‌ಗಳನ್ನು ಈಚಿನ ಕಾಲದವಕ್ಕೆ ಬದಲಾಯಿಸಿದರೆ ಅದು ರೆಸ್ಟೊಮಾಡ್. ಕಾರ್ಖಾನೆಯಿಂದ ಹೊರಬಿದ್ದ ಸ್ಥಿತಿಗೇ ಮರಳಿಸಿದ ಗಾಡಿಯ ವಿಷಯದಲ್ಲಿ ತೀರ್ಪು ಸುಲಭ. ಬೋಲ್ಟಿನ ತಲೆ ಕೂಡ ಅಸಲಿನಂತಿದೆಯೇ ಎಂದು ನೋಡಿದರಾಯಿತು. ರೆಸ್ಟೊಮಾಡ್‌ಗೆ ಅಂಥ ಮೂಲಪ್ರತಿ ಇಲ್ಲ. ಏನು ಉಳಿಯಿತು, ಏನು ಹೋಯಿತು, ಹಳತು ಹೊಸತು ಎಲ್ಲಿ ಕೂಡಿಕೊಂಡಿವೆ ಎಂಬುದೇ ಇಲ್ಲಿಯ ರುಚಿ. ಕಣ್ಣು ಪಳಗಿಸಿಕೊಳ್ಳಲು ಅಮೆರಿಕದ ಷೆವರ್ಲೆ 3100 ಒಳ್ಳೆಯ ಗಾಡಿ. 1947ರಿಂದ 1955ರ ಆರಂಭದವರೆಗೆ ತಯಾರಾದ ಅರ್ಧ ಟನ್ ಪಿಕಪ್ ಇದು.

ಮೊದಲು ಅಸಲು ಹೇಗಿತ್ತೆಂದು ತಿಳಿದಿರಬೇಕು. 216 ಘನ ಇಂಚಿನ ಆರು ಸಿಲಿಂಡರ್ ಎಂಜಿನ್, ಸುಮಾರು 90 ಅಶ್ವಶಕ್ತಿ. ಮುಂದೂ ಹಿಂದೂ ಕಮಾನು ಪಟ್ಟಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, 6 ವೋಲ್ಟಿನ ವೈರಿಂಗು, ಕಾಲಲ್ಲಿ ಒತ್ತುವ ಸ್ಟಾರ್ಟರು. ಹೊಲಕ್ಕೂ ಊರೊಳಗಿನ ವ್ಯಾಪಾರಕ್ಕೂ ಇಷ್ಟು ಸಾಕಿತ್ತು. ಇಂದಿನ ಹೆದ್ದಾರಿಯ ಓಟಕ್ಕೆ ಸಾಲದು.

ಮುಂಭಾಗದಿಂದಲೇ ವರ್ಷ ಗುರುತಿಸಬಹುದು. 1953ರವರೆಗೆ ಗ್ರಿಲ್ಲಿನಲ್ಲಿ ಐದು ಅಡ್ಡ ಪಟ್ಟಿ, ಮುಂಗಾಜು ಎರಡು ತುಂಡು. 1954ರಲ್ಲಿ ಗ್ರಿಲ್ ಬದಲಾಯಿತು, ಗಾಜು ಒಂದೇ ಆಯಿತು. ಕ್ಯಾಬಿನ ಹಿಂಬದಿಯ ಮೂಲೆಗಳಲ್ಲೂ ಬಾಗಿದ ಗಾಜಿರುವ ಮಾದರಿಗೆ ಬೇಡಿಕೆ ಹೆಚ್ಚು. 1954ರದ್ದೆಂದು ಹೇಳುವ ಗಾಡಿಗೆ ಎರಡು ತುಂಡಿನ ಮುಂಗಾಜಿದ್ದರೆ ಅದು ದೋಷವೇನಲ್ಲ. ಕ್ಯಾಬ್ ಬೇರೆ ವರ್ಷದ್ದೆಂದು ತಿಳಿದಿದ್ದರೆ ಸಾಕು.

ಆಮೇಲೆ ಹತ್ತು ಹೆಜ್ಜೆ ದೂರ ನಿಂತು ಗಾಡಿ ಕೂತ ಭಂಗಿಯನ್ನು ಪಕ್ಕದಿಂದ ನೋಡಬೇಕು. ಒಳ್ಳೆಯ ಕೆಲಸವೂ ಅವಸರದ ಕೆಲಸವೂ ಬೇರೆಯಾಗುವುದು ಇಲ್ಲೇ. 3100ರ ವ್ಹೀಲ್‌ಬೇಸ್ 116 ಇಂಚು. ಖರ್ಚು ಉಳಿಸಲು ಕೆಲವರು ಹಳೆ ಮೈಯನ್ನು ಷೆವರ್ಲೆ ಎಸ್-10 ಪಿಕಪ್ಪಿನ ಚಾಸಿಯ ಮೇಲೆ ಕೂರಿಸುತ್ತಾರೆ. ಅಳತೆ ಸರಿಹೊಂದಿಸದಿದ್ದರೆ ಚಕ್ರ ಮಡ್‌ಗಾರ್ಡಿನ ಕಮಾನಿನ ನಡುವೆ ನಿಲ್ಲದೆ ಒಂದು ಕಡೆಗೆ ಸರಿದಿರುತ್ತದೆ. ಅರ್ಧ ಇಂಚು ತಪ್ಪಿದರೂ ಕಣ್ಣಿಗೆ ಚುಚ್ಚುತ್ತದೆ. ಎಷ್ಟು ಬಣ್ಣ ಹೊಡೆದರೂ ಅದು ಮುಚ್ಚುವುದಿಲ್ಲ.

ಹತ್ತಿರ ಹೋದಾಗ ತಗಡಿನ ಪರೀಕ್ಷೆ. ಈ ಗಾಡಿಗಳಲ್ಲಿ ಕ್ಯಾಬಿನ ಕೆಳಮೂಲೆಗಳು ಬೇಗ ತುಕ್ಕು ಹಿಡಿಯುತ್ತವೆ. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವನ್ನು ಅಲ್ಲಿ ಹಿಡಿದರೆ, ಹೊಸ ತಗಡು ಬೆಸೆದ ಕಡೆ ಗಟ್ಟಿಯಾಗಿ ಅಂಟುತ್ತದೆ, ಪುಟ್ಟಿ ಮೆತ್ತಿದ ಕಡೆ ಜಾರುತ್ತದೆ. (ಮಾಲೀಕರ ಒಪ್ಪಿಗೆ ಕೇಳಿಯೇ ಮಾಡಬೇಕಾದ ಕೆಲಸ.) ಹಳೆ ಬಣ್ಣವನ್ನೇ ಬಿಟ್ಟು ಮೇಲೆ ಪಾರದರ್ಶಕ ಲೇಪ ಹೊಡೆಯುವ ಪದ್ಧತಿಯೂ ಇದೆ. ನಿಜವಾದ ಸವಕಲು ಬಿಸಿಲು ಬೀಳುವ ಚಾವಣಿ, ಬಾನೆಟ್ಟಿನ ಮೇಲೆ, ಚಾಲಕ ಮೊಣಕೈ ಊರುವ ಬಾಗಿಲಂಚಿನಲ್ಲಿ ಇರುತ್ತದೆ. ಕೈಯೂ ಬಿಸಿಲೂ ತಾಗದ ಜಾಗ ಸವೆದಿದ್ದರೆ ಅದು ಮರಳು ಕಾಗದದ ಕೈವಾಡ.

ಬಾನೆಟ್ ಎತ್ತಿದರೆ ಸಾಮಾನ್ಯವಾಗಿ ಜನರಲ್ ಮೋಟಾರ್ಸ್‌ನ ಎಲ್‌ಎಸ್ ಕುಟುಂಬದ ವಿ8 ಕಾಣುತ್ತದೆ. 1997ರಲ್ಲಿ ಕಾರ್ವೆಟ್ ಕಾರಿನಲ್ಲಿ ಮೊದಲು ಬಂದ ಈ ಎಂಜಿನ್ನಿನ 5.3 ಲೀಟರ್ ಟ್ರಕ್ ರೂಪಕ್ಕೆ ಆರಂಭದಲ್ಲೇ 270 ಅಶ್ವಶಕ್ತಿ, ಗುಜರಿಯಲ್ಲೂ ಸಿಗುತ್ತದೆ. ಆದರೆ ಒಂದನ್ನು ಬದಲಿಸಿದರೆ ಇನ್ನೊಂದನ್ನು ಬಿಡುವಂತಿಲ್ಲ. ಮೂಲ ಗಾಡಿಯ ಪ್ರೊಪೆಲ್ಲರ್ ಶಾಫ್ಟು ಕೊಳವೆಯೊಳಗೆ ಮುಚ್ಚಿಕೊಂಡು ಗೇರ್‌ಬಾಕ್ಸಿಗೇ ಜೋಡಿಸಿರುವುದರಿಂದ, ಹೊಸ ಗೇರ್‌ಬಾಕ್ಸ್ ಬಂದರೆ ಹಿಂದಿನ ಆಕ್ಸಲ್ಲೂ ಹೋಗಬೇಕು. ಮುಂದೆ 1970ರ ದಶಕದ ಫೋರ್ಡ್ ಮಸ್ಟಾಂಗ್ 2ರ ಮಾದರಿಯ ಬಿಡಿ ಸಸ್ಪೆನ್ಷನ್ ಹಾಕುವುದು ವಾಡಿಕೆ. ಅದರೊಂದಿಗೆ ರ‍್ಯಾಕ್ ಸ್ಟೇರಿಂಗು, ಡಿಸ್ಕ್ ಬ್ರೇಕು ಸುಲಭವಾಗಿ ಕೂರುತ್ತವೆ. ಷೆವರ್ಲೆಗೆ ಫೋರ್ಡಿನ ಕಾಲೇ ಎಂದು ಮೂಗು ಮುರಿಯುವವರಿದ್ದಾರೆ. ಗಾಡಿ ನೇರ ಓಡಿದರೆ ಆ ತಕರಾರಿಗೆ ಬೆಲೆಯಿಲ್ಲ. ಎಂಜಿನ್ ಬಲ ಮೂರು ಪಟ್ಟಾಗಿಯೂ ಬ್ರೇಕು ಹಳೆಯದೇ ಇದ್ದರೆ ಮಾತ್ರ ಆ ಗಾಡಿಯನ್ನು ಮೆಚ್ಚಬಾರದು.

ಕ್ಯಾಬಿನೊಳಗೆ ಮೆಚ್ಚಬೇಕಾದದ್ದು ಕಾಣದಿರುವ ಕೆಲಸ: ಎಸಿಯ ಕಿಂಡಿ ಡ್ಯಾಶಿನ ಕೆಳಗೆ ಅಡಗಿರಬೇಕು, ಮೀಟರು ಹಳೆ ಮುಖದ್ದೇ ಇರಬೇಕು. ಸೀಟಿನ ಬೆನ್ನಿಗಿದ್ದ ಪೆಟ್ರೋಲ್ ಟ್ಯಾಂಕನ್ನು ಹಿಂಬದಿಯ ತೊಟ್ಟಿಯ ಕೆಳಗಿನ ಚಾಸಿಗೆ ಸಾಗಿಸಿದ್ದರೆ ಜಾಗವೂ ಸಿಕ್ಕಿತು, ಅಪಾಯವೂ ತಗ್ಗಿತು. ತೊಟ್ಟಿಯ ನೆಲದ ಮರದ ಹಲಗೆಗೆ ಈಗ ಕನ್ನಡಿಯಂಥ ವಾರ್ನಿಷ್ ಬಳಿಯುತ್ತಾರೆ. ಅದರ ಮೇಲೆ ಗೊಬ್ಬರದ ಚೀಲ ಎಸೆಯಲು ಯಾರಿಗೂ ಮನಸ್ಸು ಬರದು.

ಪೆಟ್ರೋಲ್ ಎಂಜಿನ್ನನ್ನೇ ಕೈಬಿಟ್ಟದ್ದೂ ಉಂಟು. 2021ರಲ್ಲಿ ಫೋರ್ಡ್ ತನ್ನ 1978ರ ಎಫ್-100 ಪಿಕಪ್ಪಿಗೆ ಎರಡು ವಿದ್ಯುತ್ ಮೋಟಾರು ಕೂರಿಸಿ 480 ಅಶ್ವಶಕ್ತಿಯ ಪ್ರದರ್ಶನ ಗಾಡಿ ತೋರಿಸಿತು.

ಭಾರತದಲ್ಲಿ ಇಂಥ ಗಾಡಿಗೆ ವಿಂಟೇಜ್ ನೋಂದಣಿ ಸಿಗದು: 2021ರ ನಿಯಮದಂತೆ 50 ವರ್ಷ ದಾಟಿದ್ದರೂ ಚಾಸಿ, ಮೈ, ಎಂಜಿನ್ ದೊಡ್ಡ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರಬೇಕು. ಹಾಗಾಗಿ ಇಲ್ಲಿಯ ರಸಿಕರಿಗೆ ಇವು ಸಿಗುವುದು ಹೆಚ್ಚಾಗಿ ಫೋಟೊಗಳಲ್ಲಿ. ಮುಂಭಾಗದ ಓರೆ ಚಿತ್ರ ಯಾವ ಗಾಡಿಯನ್ನಾದರೂ ಚೆಂದ ಕಾಣಿಸುತ್ತದೆ. ನೇರ ಪಕ್ಕದ ಒಂದು, ಲಿಫ್ಟಿಗೇರಿಸಿ ಕೆಳಗಿನಿಂದ ತೆಗೆದ ಒಂದು, ಈ ಎರಡು ಚಿತ್ರ ಸಿಗುವವರೆಗೆ ಅಭಿಪ್ರಾಯ ಕಾಯ್ದಿರಿಸುವುದು ಮೇಲು.